ತಟ್ಟಿಯಾಚೆಯ ಇಳಿಜಾರು

ಗಣಿತದ ಮೇಷ್ಟ್ರಿಗೆ ನಗೆಪಾಟಲಾಗುವ ಯೋಗ ಜಾತಕದಲ್ಲೇ ಇರುತ್ತದೆಯೋ ಏನೋ, ಒಂದು ಮುಗಿಯಿತು ಅನ್ನುವಷ್ಟರಲ್ಲಿ ಇನ್ನೊಂದು. ಐವತ್ತರ ದಶಕದ ಕೊನೆಯಲ್ಲಿ ನಾನು ಶಿಕಾರಿಪುರದ ಹೈಸ್ಕೂಲಿನಲ್ಲಿದ್ದಾಗ, ಸೊರಬದ ಕಡೆಯಿಂದ ಇನ್ನೊಬ್ಬ ಗಣಿತದ ಮೇಷ್ಟ್ರು ವರ್ಗವಾಗಿ ಬಂದರು. "ಮುಂದಿನ ವರ್ಷ ಎಸ್ಸೆಸ್ಸೆಲ್ಸಿ ಗಣಿತ ನಿಮ್ಮಿಬ್ಬರಲ್ಲಿ ಒಬ್ಬರಿಗೆ. ಇನ್ಸ್‌ಪೆಕ್ಟರು ಬಂದು ಹೋಗಲಿ, ತೀರ್ಮಾನ ಮಾಡೋಣ" ಅಂದರು ಹೆಡ್ಮಾಸ್ಟರು. ಅವತ್ತೇ ನನಗೆ ಹೊಟ್ಟೆಕಿಚ್ಚು ಶುರುವಾಯಿತು.

೧. ಪಕ್ಕದ ಪಾಠ

ನಮ್ಮಿಬ್ಬರ ತರಗತಿಗಳ ನಡುವೆ ಇದ್ದದ್ದು ಬರೀ ಬಿದಿರಿನ ತಟ್ಟಿ. ಅವರು ಬೋರ್ಡಿನ ಮೇಲೆ y − 3 = 2(x + 1) ಎಂದು ಬರೆದು, "ಆವರಣದ ಹೊರಗಿನ ಎರಡು, ಅದೇ ರೇಖೆಯ ಇಳಿಜಾರು. x ಪಕ್ಕದ್ದು, y ಪಕ್ಕದ್ದು ಚಿಹ್ನೆ ತಿರುಗಿಸಿ, ಬಿಂದು (−1, 3). ಇಷ್ಟೇಯ, ಮತ್ತೆಂತ ಕಷ್ಟ?" ಅನ್ನುತ್ತಿದ್ದರು. ಇಷ್ಟನ್ನೇ ನಾನು ದಸರಾ ರಜೆಯವರೆಗೂ ಎಳೆದಿದ್ದೆ. ನೋಡಿದರೆ ನನ್ನ ಹಿಂದಿನ ಬೆಂಚಿನವರೆಲ್ಲ ತಟ್ಟಿಗೆ ಕಿವಿ ಹಚ್ಚಿ ಕೂತಿದ್ದಾರೆ.

"ಯಾಕ್ರೋ, ನನ್ನ ಪಾಠ ಬ್ಯಾಡೇನು?" ಎಂದು ಗದರಿದೆ.

ಒಬ್ಬ ಎದ್ದು ವಿನಯದಿಂದ, "ಸ್ವಲ್ಪ ಮೆತ್ತಗೆ ಹೇಳ್ರಿ ಸಾರ್, ಆ ಕಡೇದು ಸರಿಯಾಗಿ ಕೇಳ್ತಿಲ್ಲ" ಅಂದ.

೨. ಬಚ್ಚಲು

ಮನೆಯಲ್ಲಾದರೂ ನೆಮ್ಮದಿ ಇತ್ತೇ? ನಮ್ಮ ಬಚ್ಚಲಲ್ಲಿ ನೀರು ನಿಲ್ಲುತ್ತಿತ್ತು. ಕಾಫಿಗೆ ಬಂದ ಆ ಮಹಾಶಯರು ಕೈಕಾಲು ತೊಳೆಯಲು ಹೋದವರು, "ಅತ್ತಿಗೆ, ಈ ಮೂಲೆಯ ಹಾಸುಗಲ್ಲು ಎರಡು ಬೆರಳು ಎತ್ತಿಸಿ" ಎಂದು ಹೇಳಿಹೋದರು. ಗಾರೆಯವನನ್ನು ಕರೆಸಿ ಎತ್ತಿಸಿದ್ದಾಯಿತು. ನೀರು ಸರಾಗವಾಗಿ ಹರಿಯಿತು. ನನ್ನವಳು ಆ ನೀರನ್ನೇ ನೋಡುತ್ತ ಕೇಳಿದಳು:

"ನೀವೂ ಇಳಿಜಾರಿನ ಪಾಠಾನೇ ಮಾಡೋದಲ್ವೇನ್ರೀ?"

೩. ಇನ್ಸ್‌ಪೆಕ್ಟರು

ಇನ್ಸ್‌ಪೆಕ್ಟರು ಬರುವ ಮೊದಲು ಒಂದು ಲೆಕ್ಕ ಉರು ಹೊಡೆಸಿಡುವುದು ಆಗಿನ ರೂಢಿ. ನಾನೂ ನನ್ನದೊಂದನ್ನು ಹೊಡೆಸಿದ್ದೆ. ನನ್ನ ತರಗತಿಗೆ ಬಂದ ಇನ್ಸ್‌ಪೆಕ್ಟರು ಅದನ್ನು ಕೇಳಲಿಲ್ಲ. y = 2x + 5 ಎಂದು ಬರೆದು, "ಇಳಿಜಾರು ಹೇಳಿ, ಒಂದು ಬಿಂದು ಹೇಳಿ" ಅಂದರು.

ಇಡೀ ತರಗತಿ ಒಂದೇ ರಾಗದಲ್ಲಿ, "ಇಳಿಜಾರು ಎರಡು, ಬಿಂದು ಮೈನಸ್ ಒಂದು, ಮೂರು" ಅಂದಿತು.

ಅದು ತಟ್ಟಿಯಾಚೆಯ ಲೆಕ್ಕದ ಉತ್ತರ. ಇನ್ಸ್‌ಪೆಕ್ಟರು ಹುಬ್ಬು ಗಂಟಿಕ್ಕಿ, x ಇದ್ದಲ್ಲಿ ಮೈನಸ್ ಒಂದು ಹಾಕಿ ನೋಡಿದರು. ಮೈನಸ್ ಎರಡು, ಅದಕ್ಕೆ ಐದು ಕೂಡಿಸಿದರೆ ಮೂರು. ಸರಿಯಾಗಿಯೇ ಇತ್ತು. ಎರಡೂ ಒಂದೇ ರೇಖೆ, ವೇಷ ಮಾತ್ರ ಬೇರೆ.

"ಭೇಷ್. ಎಲ್ಲರೂ ಸೊನ್ನೆ, ಐದು ಅಂತಾರೆ. ಇವರು ಬೇರೆ ಬಿಂದು ಹುಡುಕಿದ್ದಾರೆ" ಅಂದರು. ಹೆಡ್ಮಾಸ್ಟರು ನನ್ನ ಕಡೆ ನೋಡಿ ನಕ್ಕರು. ಎಸ್ಸೆಸ್ಸೆಲ್ಸಿ ನನಗೇ ಬಂತೆಂದು ಕೋಟಿನ ಗುಂಡಿ ಸರಿಮಾಡಿಕೊಂಡೆ.

"ಯಾರಪ್ಪ ಕಲಿಸಿದ್ದು?" ಎಂದು ಇನ್ಸ್‌ಪೆಕ್ಟರು ಕೇಳಿದರು. ಎಲ್ಲರೂ ಒಟ್ಟಿಗೆ ತಟ್ಟಿಯ ಕಡೆ ಕೈ ತೋರಿಸಿದರು.

ಅವರು ಹೆಡ್ಮಾಸ್ಟರತ್ತ ತಿರುಗಿ, "ಮರೆಯಲ್ಲಿದ್ದೇ ಇಷ್ಟು ಕಲಿಸಿದವರು ಎದುರಿಗೆ ನಿಂತರೆ ಇನ್ನೆಷ್ಟು ಕಲಿಸ್ಯಾರು? ಎಸ್ಸೆಸ್ಸೆಲ್ಸಿ ಅವರಿಗೇ ಕೊಡ್ರಿ" ಅಂದರು. ಬಾಗಿಲ ತನಕ ಹೋದವರು ನಿಂತು ನನ್ನನ್ನೊಮ್ಮೆ ನೋಡಿ, "ಆದರೆ ಆ ತಟ್ಟಿಗೆ ಬದಲು ಗೋಡೆ ಮಾತ್ರ ಕಟ್ಟಿಸಬ್ಯಾಡ್ರಿ. ಇವರ ಹುಡುಗರೂ ಪಾಸಾಗಬೇಕಲ್ಲ" ಅಂದರು.