ಬೇಯದ ದಾನಾ

ಪ್ಲಾಸ್ಟಿಕ್ ಕಾರ್ಖಾನೆಯಲ್ಲಿ ಯಂತ್ರ ಕೈಕೊಟ್ಟರೆ ರಿಪೇರಿ ಉಂಟು, ಮಾತು ಕೈಕೊಟ್ಟರೆ ಇಲ್ಲ. ತೊಂಬತ್ತರ ದಶಕದ ಕೊನೆಯಲ್ಲಿ, ಚೆನ್ನೈಯಲ್ಲಿ, ನನ್ನ ಮತ್ತು ಅಪ್ಪನ ನಡುವೆ ಮಾತು ಹಾಗೆ ಕೈಕೊಡುತ್ತಲೇ ಇತ್ತು. ಅಪ್ಪ ನುಂಗಂಬಾಕ್ಕಂನ ಒಂದು ಉಡುಪಿ ಹೋಟೆಲಿನ ಅಡುಗೆಮನೆ ನೋಡಿಕೊಳ್ಳುತ್ತಿದ್ದರು. ತೀರಾ ಮೆಚ್ಚಿದರೆ ಅವರ ಬಾಯಲ್ಲಿ ಬರುತ್ತಿದ್ದದ್ದು "ಅಡ್ಡಿಲ್ಲ" ಅಂತ ಒಂದೇ ಮಾತು. ನಾನು ಪ್ಲಾಸ್ಟಿಕ್ ಕಾರ್ಖಾನೆಯಲ್ಲಿ ಇಂಜಿನಿಯರು; ನನ್ನ ಕೆಲಸಕ್ಕೆ ಅದನ್ನೂ ಅನ್ನಲಿಲ್ಲ. ಅದೊಂದಕ್ಕೆ ನಾನು ಎಷ್ಟು ಆಸೆಪಟ್ಟಿದ್ದೆನೋ!

ಹೆಪ್ಪು

"ಅಲ್ಲಿ ಎಂತ ಮಾಡ್ತಿ ನೀನು?" ಅಂತ ಒಮ್ಮೆ ಕೇಳಿದರು.

"ಗ್ಯಾಸನ್ನು ರಿಯಾಕ್ಟರಿಗೆ ಬಿಟ್ಟು ಚೂರೇ ಚೂರು ಕ್ಯಾಟಲಿಸ್ಟ್ ಹಾಕ್ತೇವೆ. ಗ್ಯಾಸು ಪುಡಿ ಆಗ್ತದೆ. ಪುಡಿ ಕರಗಿಸಿ ಕಾಳು ಕಾಳಾಗಿ ಕತ್ತರಿಸ್ತೇವೆ. ಆ ಕಾಳಿನಿಂದ ಬಕೆಟ್ಟು, ಕುರ್ಚಿ."

"ಹೆಪ್ಪು ಹಾಕುವ ಕೆಲಸ ಅನ್ನು."

ಆಮೇಲೊಮ್ಮೆ ರಿಯಾಕ್ಟರಿನೊಳಗೆ ಗಂಟು ಕಟ್ಟಿ ಪ್ಲಾಂಟೇ ನಿಂತಿತು. ಸೋತು ಸುಣ್ಣವಾಗಿ ಮನೆಗೆ ಬಂದರೆ ಅಪ್ಪ ಗಂಭೀರವಾಗಿ, "ಸೌಟು ಆಡಿಸ್ಲಿಕ್ಕೆ ಯಾರೂ ಇರ್ಲಿಲ್ವಾ?" ಅಂದರು.

ದಾನ

ಸೌಕಾರ್‌ಪೇಟೆಯ ವ್ಯಾಪಾರಿಗಳು ನಮ್ಮ ಪ್ಲಾಸ್ಟಿಕ್ ಕಾಳಿಗೆ "ದಾನಾ" ಅನ್ನುತ್ತಾರೆ. ಒಬ್ಬ ಸೇಠು ಮನೆಗೇ ಫೋನ್ ಮಾಡಿ, "ದಾನಾ ಎಪ್ಪೋ ವರುಂ?" ಅಂತ ಕೇಳಿದ, ಯಾವಾಗ ಬರುತ್ತೆ ಅಂತ. ಫೋನ್ ಎತ್ತಿದ್ದು ಅಪ್ಪ. ದಾನ ಬೇಕಾದರೆ ವಡಪಳನಿ ದೇವಸ್ಥಾನಕ್ಕೆ ಹೋಗು ಅಂತ ತಮಿಳಿನಲ್ಲೇ ಗದರಿಸಿ ಇಟ್ಟುಬಿಟ್ಟರು.

ಮರುದಿನ ಸೇಠು ನನ್ನನ್ನು ಹಿಡಿದ. "ದೇವಸ್ಥಾನದ ಹತ್ರ ಗೋಡೌನ್ ಯಾವಾಗ ಮಾಡಿದ್ರಿ ಸಾರ್? ಹುಡುಕಿ ಹುಡುಕಿ ಸಾಕಾಯ್ತು!"

ಪ್ಯಾಂಟು

ಮನೆಯವರಿಗೆ ಪ್ಲಾಂಟ್ ತೋರಿಸುವ ದಿನ ಬಂತು. "ಪಂಚೆಯಲ್ಲಿ ಒಳಗೆ ಬಿಡೋದಿಲ್ಲ, ಪ್ಯಾಂಟೇ ಬೇಕು" ಅಂದೆ. ಜನ್ಮದಲ್ಲಿ ಪ್ಯಾಂಟು ಹಾಕದ ಅಪ್ಪ ಒಂದು ಹೊಲಿಸಿದರು. ಬಂದದ್ದು ಮಾತ್ರ ಪಂಚೆಯಲ್ಲಿ! ಗೇಟಿನವನು ತಡೆದದ್ದೇ ತಡ, ಪಂಚೆ ಎತ್ತಿ ತೋರಿಸಿದರು. ಒಳಗೆ ಪ್ಯಾಂಟು ಇತ್ತು.

ಪ್ಲಾಂಟಿನಲ್ಲಿ ಎಲ್ಲವೂ ಮುಚ್ಚಿದ ಉಕ್ಕಿನೊಳಗೇ ನಡೆಯುತ್ತದೆ, ನೋಡಲಿಕ್ಕೆ ಏನೂ ಇಲ್ಲ. ಕೊನೆಗೆ ಚೀಲ ತುಂಬುವಲ್ಲಿ ಒಂದು ಹಿಡಿ ಕಾಳು ಅವರ ಕೈಗೆ ಕೊಟ್ಟೆ. ಮೂಸಿ ನೋಡಿ ಪೊಟ್ಟಣ ಕಟ್ಟಿಕೊಂಡರು.

"ಹೇಗಿತ್ತಪ್ಪಾ?"

"ಬರೀ ಪೈಪು."

ಅಳು ಬರುವುದೊಂದು ಬಾಕಿ ನನಗೆ.

ಪಾಯಸ

ಕೆಲವು ವರ್ಷಗಳ ಮೇಲೆ ಅಪ್ಪ ಹೋದರು. ವೈಕುಂಠ ಸಮಾರಾಧನೆಯ ಊಟಕ್ಕೆ ಅವರ ಹೋಟೆಲಿನ ಅಡುಗೆ ಭಟ್ಟರು ಬಂದಿದ್ದರು. ಪಾಯಸ ಬಡಿಸುತ್ತಾ ಒಮ್ಮೆಲೇ ನಗತೊಡಗಿದರು.

"ಒಂದಿನ ನಿಮ್ಮಪ್ಪ ಪೊಟ್ಟಣ ತಂದು, 'ಇದು ದಾನಾ, ಜೋಪಾನ' ಅಂದ್ರು. ನಾನು ಸಾಬುದಾನ ಅಂದ್ಕೊಂಡು ಪಾಯಸಕ್ಕೆ ಸುರಿದೆ. ಎಷ್ಟು ಕುದಿಸಿದ್ರೂ ಬೇಯೋದಿಲ್ಲ, ಮುಳುಗೋದೂ ಇಲ್ಲ, ತೇಲ್ತಾ ಉಂಟು ಮಾರಾಯ್ರೆ! 'ಇದೆಂತ ದರಿದ್ರ ಸಾಬುದಾನ' ಅಂತ ಬೈದೆ. ನಿಮ್ಮಪ್ಪ ಓಡಿ ಬಂದು ಒಂದೊಂದೇ ಕಾಳು ಆರಿಸಿ ತೊಳೆದು, ಒಂದನ್ನು ಹಲ್ಲಲ್ಲಿ ಕಚ್ಚಿ ನೋಡಿ, ಇಡೀ ಅಡುಗೆಮನೆಗೆ ಕೇಳೋ ಹಾಗೆ, 'ಇಷ್ಟು ಕುದಿಸಿದ್ರೂ ಜಗ್ಗಲಿಲ್ಲ ನೋಡಿ! ನನ್ನ ಮಗನ ಕೆಲಸ ಅಡ್ಡಿಲ್ಲ!' ಅಂದ್ರು."

ಪಂಕ್ತಿಯಲ್ಲಿ ಕೂತವರೆಲ್ಲ ನಕ್ಕರು. ನಾನೂ ನಗಲಿಕ್ಕೆ ಹೋದೆ, ಆಗಲಿಲ್ಲ. ಅಪ್ಪಾ, ಅದನ್ನೇ ಮನೆಗೆ ಬಂದು ಒಂದು ಸಲ ಹೇಳಬಾರದಿತ್ತಾ?