ಫಿಂಟಾಸಿನ ದಢೂತಿ ಬಾತುಗಳು

"ನೋಡ್ತಾ ಇರು, ಇಡೀ ಕುವೈತೇ ಬಾಯಿ ಚಪ್ಪರಿಸುವಂಥ ಬಾತುಕೋಳಿ ತಳಿ ಮಾಡಿ ತೋರಿಸ್ತೇನೆ! ಕೊಕ್ಕಿಂದ ಬಾಲದವರೆಗೂ ಮಾಂಸವೇ!"

ನಾನು ಹೀಗೆ ಘೋಷಿಸಿದಾಗ ನನ್ನ ಹೆಂಡತಿ ಇನೆಜ್ ಬಂಗುಡೆ ಹುರಿಯುತ್ತಿದ್ದಳು. ಆಸ್ಪತ್ರೆಯ ನರ್ಸ್ ಕೆಲಸ ಹೋದ ಮೇಲೆ ಅವಳಿಗೆ ಮಾತೂ ಕಡಿಮೆಯಾಗಿತ್ತು, ನಗುವೂ.

"ಎಲ್ಲಿ ಸಾಕುದು? ಬಾತಿಗೆ ಬಾತ್‌ರೂಮಾ?"

"ಟೆರೇಸಲ್ಲಿ!"

ಫಿಂಟಾಸಿನ ನಮ್ಮ ಕಟ್ಟಡದ ಕಾವಲುಗಾರ ಉಳ್ಳಾಲದ ಹಂಝ ಕಣ್ಣು ಮುಚ್ಚಿಕೊಳ್ಳಲು ಒಪ್ಪಿದ. ನಮ್ಮೂರ ಕಡೆ ಕ್ರೈಸ್ತರನ್ನು ಕರೆಯುವ ಹಾಗೆ ನನ್ನನ್ನು 'ಪೊರ್ಬುಗಳೇ' ಎನ್ನುತ್ತಿದ್ದ. "ನಾನೇ ಕೊಯ್ದು ಕೊಡ್ತೇನೆ ಪೊರ್ಬುಗಳೇ. ನನಗೊಂದು ಪಾಲು ಇರ್ಲಿ."

ನನ್ನ ಶಾಸ್ತ್ರ ಸರಳ. ಭಾರದವನ್ನು ಮೊಟ್ಟೆಗೆ ಉಳಿಸುವುದು, ಹಗುರದವನ್ನು ಪಾತ್ರೆಗೆ ಇಳಿಸುವುದು! ಮರಿಗಳು ಬೆಳೆದಾಗಲೂ ಅದೇ ಆಯ್ಕೆ. ತಲೆಮಾರು ಕಳೆದಂತೆ ಬಾತುಗಳು ಉಬ್ಬಿದವು. ಜೊತೆಗೆ ನಾನೂ! ಶುವೈಖ್‌ನ ಗೋದಾಮಿನಲ್ಲಿ ಬರೀ ಗುಮಾಸ್ತನಾದ ನಾನು ಟೆರೇಸ್ ಹತ್ತಿದೊಡನೆ ಸಾಕ್ಷಾತ್ ಸೃಷ್ಟಿಕರ್ತ!

ಇನೆಜ್ ಕೂಡ ನಗತೊಡಗಿದ್ದಳು. ಒಂದು ಸಣಕಲು ಹೆಣ್ಣುಬಾತು ಉರಿಬಿಸಿಲಲ್ಲೂ ಅವಳ ಬೆನ್ನ ಹಿಂದೆಯೇ ಓಡಾಡುತ್ತಿತ್ತು.

"ಇದೊಂದು ಇರ್ಲಿ ಮಾರಾಯ್ರೆ."

"ತೂಕವೇ ಇಲ್ಲ! ತಳಿ ಹಾಳಾಗ್ತದೆ!"

ಅಂದು ಅವಳು ಊಟಕ್ಕೆ ಬರಲಿಲ್ಲ. ನಾನು ಮಾತ್ರ ಎರಡು ಸಲ ಬಡಿಸಿಕೊಂಡೆ.

ಮತ್ತೊಂದು ಜುಲೈ ಬಂತು. ಟೆರೇಸ್ ಕಾದ ಕಾವಲಿಯಾಯಿತು. ನನ್ನ ದಢೂತಿಗಳು ಎರಡು ಹೆಜ್ಜೆ ಇಟ್ಟು ಕುಸಿದವು. ಕೊಕ್ಕು ತೆರೆದು ಏದುಸಿರು ಬಿಟ್ಟವು. ಇಬ್ಬರೂ ಐಸು ಹೊತ್ತು ಓಡಿದೆವು. ಕೊನೆಗೆ ಬಾತ್‌ರೂಮಿಗೇ ಎತ್ತಿ ತಂದು ನಲ್ಲಿ ತಿರುಗಿಸಿದರೆ ಕುದಿನೀರು! ನೀರಿನ ಟ್ಯಾಂಕಿ ಇದ್ದದ್ದೂ ಅದೇ ಬಿಸಿಲಿನ ಟೆರೇಸಿನಲ್ಲೇ ತಾನೆ!

ಸಂಜೆಯ ಹೊತ್ತಿಗೆ ಒಂದೂ ಉಳಿಯಲಿಲ್ಲ.

"ಖಲಾಸ್, ಪೊರ್ಬುಗಳೇ. ತಾನಾಗಿ ಸತ್ತದ್ದನ್ನು ತಿನ್ನುವ ಹಾಗಿಲ್ಲ," ಎಂದ ಹಂಝ ಎಲ್ಲವನ್ನೂ ಚೀಲಕ್ಕೆ ತುಂಬಿ ಹೊತ್ತೊಯ್ದ.

ಇನೆಜ್ ಒದ್ದೆ ನೆಲ ಒರೆಸುತ್ತ ಮೆಲ್ಲಗೆ ಹೇಳಿದಳು: "ಬಿಸಿಲು ತಡೆಯುವಂಥದ್ದನ್ನೆಲ್ಲ ನೀವು ಮೊದಲೇ ತಿಂದು ಮುಗಿಸಿದ್ರಿ."

ಆ ಸಣಕಲು ಬಾತು ಕಣ್ಣ ಮುಂದೆ ಓಡಿತು. ಅವಳ ಪಕ್ಕದಲ್ಲೇ ನೆಲಕ್ಕೆ ಕುಳಿತೆ.

"ನನಗೆ ಒಳ್ಳೇದು ಯಾವುದು ಅಂತ ಆರಿಸ್ಲಿಕ್ಕೇ ಬರುದಿಲ್ಲ, ಇನೆಜ್."

ಅವಳು ಒರೆಸುವುದನ್ನು ನಿಲ್ಲಿಸಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಬೇಜಾರು ಮಾಡ್ಬೇಡಿ. ಮದುವೆಗೆ ನನ್ನನ್ನು ನೋಡ್ಲಿಕ್ಕೆ ಬಂದ ಅಷ್ಟು ಗಂಡುಗಳಲ್ಲಿ ನಿಮ್ಮನ್ನು ಆರಿಸಿದ್ದು ನಾನೇ ಅಲ್ವಾ!"