ಎಣ್ಣೆ ಕಂಡ ರೊಟ್ಟಿ ಹಂಚು

ಆಗ ನನಗೆ ಅರವತ್ತೆಂಟು. ನಾಲ್ಕು ವರ್ಷದ ಹಿಂದಿನ ಮಾತು. ಸೊಸೆ ಶೋಭಾಗೆ ಹರಿಹರದ ಬಟ್ಟೆ ಅಂಗಡಿಯೊಂದರಲ್ಲಿ ಕೆಲಸ ಸಿಕ್ಕಿತ್ತು. ಬೆಳಿಗ್ಗೆ ಬಸ್ಸು ಹತ್ತಿದರೆ ನಿಟ್ಟುವಳ್ಳಿಯ ನಮ್ಮ ಮನೆಗೆ ವಾಪಸ್ಸು ಬರುವುದು ಕತ್ತಲಾದ ಮೇಲೆ.

"ರಾತ್ರಿ ಅಡಿಗೆ ಯಾರು ಮಾಡ್ತಾರೆ? ದಿನಾ ಹೋಟ್ಲಿಂದ ತಂದ್ರೆ ಇವಳ ಸಂಬ್ಳ ಅದಕ್ಕೇ ಹೋಗ್ತತೆ. ಕೆಲ್ಸ ಬ್ಯಾಡ," ಎಂದ ಮಗ ಮಂಜ.

"ನಾನೇನು ಸತ್ತೀನೇನೋ? ಒಲೆ ಮ್ಯಾಲೆ ಒಂದು ಹಂಚು, ಅರ್ಧ ತಾಸು. ನಾಲ್ಕು ಮಂದಿ ಹೊಟ್ಟೆ ತುಂಬಿಸ್ತೀನಿ!" ಎಂದು ಘೋಷಿಸಿದೆ.

"ಒಂದ್ ದಿನ ನೋಡ್ತೀನವ್ವಾ. ಆಗ್ಲಿಲ್ಲ ಅಂದ್ರೆ ಮಾರ್ನೇ ದಿನವೇ ಬಿಡಿಸೋದು."

ಶೋಭಾ ಕೆಲಸಕ್ಕೆ ಹೋದ ಮೊದಲ ದಿನ. ತಾಲಿಪಟ್ಟು ಎಂದು ತೀರ್ಮಾನವಾಯಿತು. ಜೋಳದ ಹಿಟ್ಟು, ಈರುಳ್ಳಿ, ಮೆಂತ್ಯ ಸೊಪ್ಪು ಎಲ್ಲ ಮನೆಯಲ್ಲೇ ಇತ್ತು. ಪಲ್ಯ ಬೇಡ, ಸಾರು ಬೇಡ. ಕಲಸಿ, ತಟ್ಟಿ, ಎಣ್ಣೆ ಬಿಟ್ಟರೆ ಮುಗಿಯಿತು. ಇದೂ ಒಂದು ಕೆಲಸವೇ?

ದೋಸೆ ಹಂಚು ತೆಗೆದೆ. ಮೂಸಿದೆ. ಮೊಟ್ಟೆ!

"ಅಜ್ಜಿ, ಆಮ್ಲೆಟ್ ಮಾಡಿದ್ದೆ. ತೊಳ್ದೀನಿ," ಎಂದಳು ಮೊಮ್ಮಗಳು. ಕೊರಳಲ್ಲಿ ಲಿಂಗ ಕಟ್ಟಿಕೊಂಡವಳು ನಾನು. ಆ ಹಂಚನ್ನು ಇನ್ನು ಮುಟ್ಟುವುದುಂಟೇ?

ಉಳಿದದ್ದು ರೊಟ್ಟಿ ಹಂಚು. ಅದು ಬೆಂಕಿ ಕಂಡಿತ್ತು, ನೀರು ಕಂಡಿತ್ತು, ಎಣ್ಣೆ ಕಂಡಿರಲಿಲ್ಲ. ಎಣ್ಣೆ ಸೋಕಿದರೆ ರೊಟ್ಟಿ ಕೆಡುತ್ತದೆ ಎಂದು ಮನೆಮಂದಿಗೆಲ್ಲ ಬೈದು ಕಲಿಸಿದವಳು ನಾನೇ. ಒಂದು ದಿನಕ್ಕೇನು ಎಂದುಕೊಂಡು ಧಾರಾಳವಾಗಿ ಸುರಿದೆ.

ಮೊದಲನೆಯದು ಹಂಚನ್ನು ಕಚ್ಚಿಕೊಂಡಿತು. ಕೆರೆದೆ. ಚೂರು ಚೂರಾಗಿ ಬಂತು. ಎರಡನೆಯದಕ್ಕೆ ಇನ್ನಷ್ಟು ಎಣ್ಣೆ. ಮನೆಯೆಲ್ಲ ಹೊಗೆ! ಪಕ್ಕದ ಮನೆಯ ಮುಮ್ತಾಜ್ ಕಿಟಕಿಯಲ್ಲಿ ಇಣುಕಿದಳು.

"ಅಜ್ಜೀ, ಏನ್ ಸುಟ್ಟೀರಿ?"

"ತಾಲಿಪಟ್ಟು!"

"ಸುಟ್ಟಿದ್ದಕ್ಕೆ ಹೆಸ್ರು ಬೇರೆ ಐತಾ? ಹಂಚಿಗೆ ಅರ್ಧ ಈರುಳ್ಳಿ ತಿಕ್ರಿ, ಬಿಡ್ತತೆ."

ತಿಕ್ಕಿದೆ. ಈರುಳ್ಳಿ ಜಾರಿತು, ಬೆರಳು ಅಂಟಿತು. ಹಂಚು ತಣಿಯಲಿ ಎಂದು ನೀರು ಚಿಮುಕಿಸಿದೆ. ಎಣ್ಣೆ ಸಿಡಿಯಿತು. ಮೊಮ್ಮಗಳು ಪುಸ್ತಕ ತಗೊಂಡು ಬೀದಿಗೆ ಓಡಿದಳು. ತಟ್ಟುವ ಧೈರ್ಯ ಹೋಗಿ, ಹಿಟ್ಟಿಗೆ ನೀರು ಬೆರೆಸಿ ದೋಸೆಯಂತೆ ಹೊಯ್ದೆ. ಅದು ಅಂಬಲಿಯೂ ಆಗಲಿಲ್ಲ, ದೋಸೆಯೂ ಆಗಲಿಲ್ಲ. ಕೊನೆಗೆ ಎಲ್ಲವನ್ನೂ ಬಾಣಲೆಗೆ ಬಳಿದು, ಸಾಸಿವೆ ಒಗ್ಗರಣೆ ಕೊಟ್ಟು ತಟ್ಟೆಗೆ ಹಾಕಿದೆ. ಅರ್ಧ ತಾಸು ಯಾವಾಗಲೋ ಸತ್ತಿತ್ತು.

ಮಂಜ ಒಂದು ತುತ್ತು ಬಾಯಿಗಿಟ್ಟ.

"ಏನವ್ವಾ ಇದು?"

"ಊಟ."

"ಮ್ಯಾಲೆ ಇದ್ದಿಲು, ಒಳಗೆ ಹಸಿ ಹಿಟ್ಟು. ಎರಡೂ ಒಟ್ಟಿಗೆ ಹೆಂಗೆ ಮಾಡ್ದೆ?"

ನನಗೂ ಅದೇ ಆಶ್ಚರ್ಯ!

ಅಷ್ಟರಲ್ಲಿ ಶೋಭಾ ಬಂದಳು. ದಿನವಿಡೀ ನಿಂತು ಕಾಲು ಊದಿದ್ದವು. ಎರಡು ತುತ್ತು ತಿಂದು, ತಂಬಿಗೆ ನೀರು ಕುಡಿದು, "ಅತ್ತೇರೆ, ಮಂಡಕ್ಕಿ ಏನಾರ ಐತೇನ್ರಿ?" ಎಂದಳು.

"ಮುಗೀತಲ್ಲ," ಎಂದ ಮಂಜ. "ನಾಳೆ ಅಂಗ್ಡಿಗೆ ಫೋನ್ ಮಾಡಿ ಬರಲ್ಲ ಅನ್ನು."

ಶೋಭಾ ಎದ್ದು ಒಳಗೆ ಹೋದಳು. ಕೆಲಸಕ್ಕೆ ಉಟ್ಟು ಬರಲೆಂದು ಅಂಗಡಿಯವರು ಕೊಟ್ಟ ಹೊಸ ಸೀರೆ ಬಿಚ್ಚಿ, ಮಡಿಚಿ, ಹಿಂದಿರುಗಿಸಲು ಚೀಲಕ್ಕೆ ಹಾಕಿದಳು. ನನಗೆ ಸಿಟ್ಟು ಬಂತು. ಯಾರ ಮೇಲೆ ಎಂದು ತಿಳಿಯಲಿಲ್ಲ. ಹಂಚಿನ ಮೇಲೆ ಇರಬೇಕು.

ಮಾರನೇ ಬೆಳಿಗ್ಗೆ ಮಂಜ ಏಳುವ ಮುಂಚೆಯೇ ಆ ಸೀರೆಯನ್ನು ಅವಳಿಗೆ ಮತ್ತೆ ಉಡಿಸಿ, ಆಟೋ ಹತ್ತಿಸಿ, ಹರಿಹರದ ಬಸ್ಸಿನಲ್ಲಿ ಕೂಡಿಸಿ, ಬಸ್ಸು ಹೊರಡುವವರೆಗೂ ನಿಂತು ಬಂದೆ. ಮಂಜ ಬಾಗಿಲಲ್ಲೇ ನಿಂತಿದ್ದ.

"ಅವಳನ್ನ ಕಳಿಸ್ದ್ಯಾ? ರಾತ್ರಿ ಊಟಕ್ಕೇನು?"

"ಇವತ್ತಿಂದ ಮನೆಮಂದಿಗೆಲ್ಲ ಒಪ್ಪತ್ತು ಕಣೋ. ರಾತ್ರಿ ಉಣ್ಣಂಗಿಲ್ಲ."

"ಯಾವ ದೇವ್ರಿಗವ್ವಾ?"

ದೇವರ ಹೆಸರು ಹೊಳೆಯಲಿಲ್ಲ. ನನ್ನ ಹೊಟ್ಟೆ ಮಾತ್ರ ಆಗಲೇ ಗುರ್ ಎಂದಿತು.